ರೈಲಿನಲ್ಲಿ ಬಂದ ತಿಥಿ

ಕಿವಿಯ ಆಪರೇಷನ್ ಆದಮೇಲೆ ಅಕ್ಕನಿಗೆ ಸದ್ಯಕ್ಕೆ ವಿಮಾನ ಬೇಡ ಎಂದಿದ್ದರು ಡಾಕ್ಟರು. ಹಾಗಾಗಿ ಅಡಿಲೇಡಿನಿಂದ ಪರ್ತ್‌ನ ನನ್ನ ಮನೆಗೆ ಅವಳನ್ನು ರೈಲಿನಲ್ಲಿ ಕರೆತರುತ್ತಿದ್ದೆ. ಎರಡು ರಾತ್ರಿಯ ಪ್ರಯಾಣ. ಅಪ್ಪನ ತಿಥಿ ನಡುದಾರಿಯಲ್ಲಿ, ನಲ್ಲರ್ಬೋರ್ ಬಯಲಿನಲ್ಲಿ ಬಂತು.

ಅಕ್ಕ ತನ್ನಿಷ್ಟದಂತೆ ಮದುವೆಯಾದ ಮೇಲೆ ಅಪ್ಪ ಅವಳೊಡನೆ ಮಾತು ಬಿಟ್ಟಿದ್ದರು. ಮೈಸೂರಿನಲ್ಲಿ ಅವರು ತೀರಿಕೊಂಡಾಗ ಹತ್ತಿರ ಇದ್ದವನು ನಾನೊಬ್ಬನೇ. ಅಂದಿನಿಂದ ಪ್ರತಿ ತಿಥಿಗೂ ಅಕ್ಕ ಹಿತ್ತಲಿನಲ್ಲಿ ಅನ್ನವಿಡುತ್ತಾಳೆ, ಕಾಗೆ ಮುಟ್ಟುವುದಿಲ್ಲ. ಅಪ್ಪನ ಕೋಪ ಇಳಿದಿಲ್ಲವೆಂದು ಅಳುತ್ತಾಳೆ. ನಾನು ಇಂಥದ್ದನ್ನೆಲ್ಲ ಬಿಟ್ಟವನು. ಹಿತ್ತಲಲ್ಲಿ ನಾಯಿ ಸಾಕಿಕೊಂಡರೆ ಕಾಗೆ ಬರುತ್ತದೆಯೇ ಎಂದು ಗೇಲಿ ಮಾಡುತ್ತಿದ್ದೆ.

ಮಧ್ಯಾಹ್ನದ ಹೊತ್ತಿಗೆ ರೈಲು, ಜನರು ಬಿಟ್ಟುಹೋದ ಒಂದು ಊರಿನಲ್ಲಿ ನಿಂತಿತು. ಸ್ವಲ್ಪ ಹೊತ್ತು ಇಳಿದು ಓಡಾಡಬಹುದು ಎಂದರು. ಶಾಲೆಯಿತ್ತು, ಮಕ್ಕಳಿರಲಿಲ್ಲ. ಬೀಗ ಹಾಕಿದ ಮನೆಗಳ ಕಿಟಕಿಗಳಲ್ಲಿ ಪರದೆಗಳು ಹಾಗೇ ಇದ್ದವು. ನನ್ನ ಬೂಟಿನ ಸದ್ದಿಗೆ ನಾನೇ ಎರಡು ಸಲ ತಿರುಗಿ ನೋಡಿದೆ.

ರೈಲಿನ ಅಡುಗೆಯವರಲ್ಲಿ ಕೇಳಿ ತಂದಿದ್ದ ಅನ್ನಕ್ಕೆ ಅಕ್ಕ ಮೊಸರು, ಕರಿಎಳ್ಳು ಕಲಸಿ ಒಂದು ಕಲ್ಲಿನ ಮೇಲಿಟ್ಟಳು. ಕಣ್ಣು ಹಾಯುವಷ್ಟು ದೂರ ಬರೀ ಬಯಲು, ಇಲ್ಲಿಗೆ ಕಾಗೆ ಎಲ್ಲಿಂದ ಬರಬೇಕು ಎಂದು ನಾನು ಹೇಳಿ ಮುಗಿಸುವುದರೊಳಗೆ ಅದು ಬಂದು ಕೂತಿತ್ತು. ರೆಕ್ಕೆಯ ಸದ್ದೇ ಕೇಳಿಸಿರಲಿಲ್ಲ. ಇಲ್ಲಿಯ ಕಾಗೆಗಳ ಕಣ್ಣು ಬಿಳಿ, ಪರ್ತ್‌ನಲ್ಲಿ ದಿನಾ ನೋಡುತ್ತೇನೆ. ಆದರೂ ಅಂದು ಹೆದರಿದೆ. ಅದು ಅನ್ನ ಮುಟ್ಟದೆ ಸುಮ್ಮನೆ ಕೂತಿತ್ತು.

ಕಾಗೆ ಅನ್ನ ಮುಟ್ಟದಿದ್ದರೆ, ಹೋದವರ ಮನಸ್ಸಿನಲ್ಲಿ ಉಳಿದದ್ದನ್ನು ನಾವು ಬಾಯಿಬಿಟ್ಟು ಹೇಳಿ ಸಮಾಧಾನ ಮಾಡಬೇಕು. ಅಕ್ಕ ಕೈಮುಗಿದು ತಪ್ಪಾಯಿತು ಎಂದಳು, ವರ್ಷವರ್ಷವೂ ಊರಿಗೆ ಹೋಗುತ್ತೇನೆ ಎಂದಳು. ಕಾಗೆ ಅವಳ ಕಡೆ ತಿರುಗಲಿಲ್ಲ.

"ಅದು ನಿನ್ನನ್ನೇ ನೋಡ್ತಿದೆ ಕಣೋ," ಎಂದಳು. "ನೀನೇನಾದ್ರೂ ಹೇಳು."

ರೈಲು ಹತ್ತಲು ಕರೆಯುತ್ತಿದ್ದರು. ನಾನು ಕಲ್ಲಿನ ಹತ್ತಿರ ಹೋದೆ.

"ಅಪ್ಪ, ಕೊನೇ ದಿನ ಅಕ್ಕನಿಗೆ ಫೋನ್ ಮಾಡು ಅಂದ್ರಿ. ಅವಳು ಎತ್ತುತ್ತಿಲ್ಲ ಅಂತ ಸುಳ್ಳು ಹೇಳಿದೆ. ನಾನು ಮಾಡ್ಲೇ ಇಲ್ಲ."

ತಿಂಗಳುಗಟ್ಟಲೆ ಅವರನ್ನು ಎತ್ತಿ, ತೊಳೆದು, ಉಣಿಸಿದವನು ನಾನು. ಕೊನೆಗೆ ಅವರು ಕೇಳಿದ್ದು ಅವಳನ್ನು. ನನಗೆ ಹೊಟ್ಟೆ ಉರಿದಿತ್ತು.

ಕಾಗೆ ತಲೆ ಬಗ್ಗಿಸಿ ಒಂದಗುಳೂ ಬಿಡದೆ ತಿಂದಿತು. ಅಕ್ಕ ಅದನ್ನು ನೋಡಲೇ ಇಲ್ಲ.

"ನನ್ನ ಹತ್ರ ಏನು ಹೇಳ್ಬೇಕಿತ್ತಂತೆ ಅಪ್ಪಂಗೆ?" ಎಂದು ಕೇಳಿದಳು.

ನಾನು ಅವರನ್ನು ಅದನ್ನೂ ಕೇಳಿರಲಿಲ್ಲ.