ಬದುಕಿದ್ದ ಬಸವನಿಗೆ ಮಣ್ಣಿನ ಪೆಟ್ಟು

ನಾವು ಕೋಲೆಬಸವ ಆಡಿಸುವವರು. ಮಾಲೂರಿನಿಂದ ಗೌನಿಪಲ್ಲಿಯವರೆಗೆ ಊರೂರು ಸುತ್ತಿದವರು. ಈಗ ತಾಯಲೂರಿನ ಹತ್ತಿರ ಒಂದು ಶೀಟಿನ ಮನೆ ಇದೆ. ಗಂಡ ಸತ್ತ ಮೇಲೆ ಬಸವನ ಹಗ್ಗ ನಾನೇ ಹಿಡಿದೆ. ತಮ್ಮ ಉರುಮೆ ಬಾರಿಸುತ್ತಿದ್ದ, ನಾನು ಡೋಲು. ಓದು ಬರಹ ನನಗೆ ಅಷ್ಟಕ್ಕಷ್ಟೆ. ನಡೆದದ್ದನ್ನು ನಡೆದ ಹಾಗೆ ಬರೆದಿದ್ದೇನೆ.

ನಮ್ಮಲ್ಲಿ ಮಣ್ಣಿನ ಪೆಟ್ಟು ಅಂತ ಒಂದಿದೆ. ಬಸವ ಸತ್ತು ಗುಂಡಿಗೆ ಇಳಿಸುವಾಗ ಮಾತ್ರ ಬಾರಿಸುವುದು. ಅದು ಎರಡು ಪಾಲು. ಉರುಮೆಯದು ಒಬ್ಬರಿಗೆ, ಡೋಲಿನದು ಇನ್ನೊಬ್ಬರಿಗೆ. ನಮ್ಮಪ್ಪ ನಮ್ಮಿಬ್ಬರನ್ನೂ ಬೇರೆ ಬೇರೆ ಕೂರಿಸಿ ಕಲಿಸಿದ. ಒಂಟಿ ಪಾಲು ಬಾರಿಸಿದರೆ ದೋಷವಿಲ್ಲ. ಎರಡೂ ಕೂಡಿದರೆ ಮಣ್ಣು ಕೊಟ್ಟ ಹಾಗೆ. ಬದುಕಿರುವ ಬಸವನ ಮುಂದೆ ಕೂಡಿದರೆ ಅದನ್ನು ಮತ್ತೆ ಯಾರ ಬಾಗಿಲಿಗೂ ಹೊಡೆದುಕೊಂಡು ಹೋಗುವಂತಿಲ್ಲ.

ಹೋದ ವರ್ಷ ಮಾವು ಹೂ ಬಿಡುವಾಗ ಸ್ಪೇನ್ ದೇಶದ ಬಾಸ್ಕ್ ಸೀಮೆಯಿಂದ ಇಬ್ಬರು ಹೆಂಗಸರು ಬಂದರು. ಮಾತು ತಿಳಿಸಿ ಹೇಳಲು ಜೊತೆಗೆ ಕೋಲಾರದ ಒಬ್ಬ ಹುಡುಗಿ. ಅವರ ವಾದ್ಯಕ್ಕೆ ಚಲಪರ್ತ ಅನ್ನುತ್ತಾರಂತೆ. ವಾದ್ಯವೇನು, ದಪ್ಪ ಹಲಗೆಗಳು. ಆಸರೆಗಳ ಮೇಲೆ ಅಡ್ಡ ಮಲಗಿಸಿ, ಒನಕೆಯ ಹಾಗೆ ನೆಟ್ಟಗೆ ಕೋಲು ಹಿಡಿದು ಕುಟ್ಟುತ್ತಾರೆ. ಒಬ್ಬಳು ಬಿಟ್ಟ ಸಂದಿನಲ್ಲಿ ಇನ್ನೊಬ್ಬಳು ಕುಟ್ಟಬೇಕು. ಅಲೆದು ಬದುಕುವವರ ವಾದ್ಯಗಳ ಜೊತೆ ಅದನ್ನು ಕೂಡಿಸಿ ನೋಡಿ ರೆಕಾರ್ಡು ಮಾಡಿಕೊಳ್ಳುವ ಆಸೆ ಅವರಿಗೆ. ಚೆನ್ನಾಗಿ ಬಾರಿಸುತ್ತಿದ್ದರು, ಸುಳ್ಳು ಹೇಳಬಾರದು.

ಮೊದಲ ದಿನವೇ ಹೇಳಿದ್ದೆ: "ಎಲ್ಲಾ ಬಾರಿಸ್ಕೊಳ್ಳಿ. ಮಣ್ಣಿನ ಪೆಟ್ಟು ಮಾತ್ರ ಬೇಡ." ತಮ್ಮನೂ ತಲೆ ಆಡಿಸಿದ.

ಮೂರನೆಯ ದಿನ ಕೆರೆಯಲ್ಲಿ ಬಸವನಿಗೆ ನೀರು ಕುಡಿಸಿ ಬರುತ್ತಿದ್ದೆ. ಮನೆಯ ಮುಂದೆ ಉರುಮೆ ಗೊರಗುಟ್ಟುತ್ತಿತ್ತು. ಅವನ ಪಾಲು. ಒಂಟಿ ತಾನೆ ಎಂದುಕೊಂಡೆ. ಅಂಗಳಕ್ಕೆ ಬರುವಷ್ಟರಲ್ಲಿ ಆ ಇಬ್ಬರಲ್ಲೊಬ್ಬಳ ಕೋಲಿನಿಂದ ಹಲಗೆಯ ಮೇಲೆ ನನ್ನ ಪಾಲು ಬಿತ್ತು. ನನ್ನ ಪಾಲಿನಲ್ಲಿ ಮೂರನೇ ಪೆಟ್ಟು ಕುಂಟುತ್ತದೆ, ಯಾರಾದರೂ ಕಲಿಸದೆ ಅದು ಬರುವುದಿಲ್ಲ. ಆ ಕುಂಟೂ ಬಿತ್ತು. ಬಸವ ನನ್ನ ಪಕ್ಕದಲ್ಲೇ ನಿಂತಿತ್ತು.

"ನಿಲ್ಸೋ!" ಎಂದು ಕೂಗಿದೆ.

ತಮ್ಮ ನಕ್ಕ. "ಯಾಕಕ್ಕಾ ಅರಚ್ತೀಯ? ನಾನು ನನ್ ಪಾಲು ಬಾರಿಸ್ದೆ. ಸಂದು ಹುಡ್ಕೋದು ಅವರ ಕಸುಬು. ಆಯಮ್ಮನೇ ಹುಡ್ಕೊಂಡ್ಲು."

"ಕುಂಟೂ ಹುಡ್ಕೊಂಡ್ಲೇನೋ?"

ಕೋಲಾರದ ಹುಡುಗಿ ಆ ಹೆಂಗಸನ್ನು ಕೇಳಿ ಹೇಳಿದಳು: "ಅಜ್ಜಿ, ನಿನ್ನೆ ನೀವು ಹುಲ್ಲಿಗೆ ಹೋದಾಗ ನಿಮ್ಮ ತಮ್ಮನೇ ಕಲಿಸಿದ್ರಂತೆ. ನೀವು ಒಪ್ಪಿದೀರ ಅಂದ್ರಂತೆ."

ಗುಂಡಿಯ ಹತ್ತಿರ ಕೇಳಿ ಕೇಳಿ ನನ್ನ ಪಾಲು ಅವನಿಗೂ ಬರುತ್ತಿತ್ತು. ಯಾರೂ ಕೇಳಿರದ್ದನ್ನು ಕೇಳಿಸಿ ಹೊಗಳಿಸಿಕೊಳ್ಳುವ ಚಪಲ ಅವನಿಗೆ. ಅದಕ್ಕೆ ನನ್ನ ಹೆಸರು ಹಾಕಿ ಸುಳ್ಳು ಹೇಳಿದ್ದ. ಆ ಹೆಂಗಸು ಕೋಲು ಕೆಳಗಿಟ್ಟು ಕೈಮುಗಿದಳು. ರೆಕಾರ್ಡು ಅಳಿಸುತ್ತೇನೆ ಎಂದಳು. ಅವಳ ಮೇಲೆ ನನಗೆ ಸಿಟ್ಟಿಲ್ಲ. ಅಳಿಸಿದರೆ ಬಾರಿಸಿದ್ದು ಹೋಗುತ್ತದೆಯೇ?

ಮಾರನೆಯ ಬೆಳಿಗ್ಗೆ ತಮ್ಮ ಬಸವನಿಗೆ ಜೂಲು ಹೊದಿಸುತ್ತಿದ್ದ. "ಶ್ರೀನಿವಾಸಪುರದ್ ಕಡೆ ಹೋಗೋಣ. ಯಾರಿಗ್ ಗೊತ್ತಾಗುತ್ತೆ?"

"ನಿಂಗ್ ಗೊತ್ತು, ನಂಗ್ ಗೊತ್ತು. ಸಾಲ್ದಾ?" ಜೂಲು ಎಳೆದುಹಾಕಿದೆ.

"ಹೊಟ್ಟೆಗೇನ್ ಮಾಡ್ತೀಯ?"

"ಬೈರಕೂರಲ್ಲಿ ಟೊಮೇಟೊ ಬಿಡಿಸೋಕೆ ಕರೀತಾರೆ. ಹೋಗ್ತೀನಿ."

"ಬಸವ ಸತ್ತಾಗ ನನ್ ಹತ್ರಾನೇ ಬರ್ಬೇಕು ನೀನು. ಒಬ್ಳೇ ಬಾರಿಸೋಕಾಗಲ್ಲ."

"ಬಾರಿಸಾಯ್ತಲ್ಲೋ. ಇನ್ನು ಗುಂಡಿ ತೋಡೋದಷ್ಟೇ ಬಾಕಿ."

ಬಸವ ಗಟ್ಟಿಯಾಗಿದೆ, ಕಟ್ಟಿದ ಕಡೆಯೇ ತಿನ್ನುತ್ತದೆ. ಹಬ್ಬಕ್ಕೆ ತಮ್ಮ ಬಂದರೆ ಊಟ ಹಾಕುತ್ತೇನೆ. ಡೋಲು ಮಾತ್ರ ಅವನ ಎದುರು ಮುಟ್ಟುವುದಿಲ್ಲ.