ಗೇಣಿನ ಪರೀಕ್ಷೆ
ನವಾಬರ ಕಾಲದ ಸವಣೂರಿನಲ್ಲಿ ಹಿರಿಯ ನರ್ಸು ಗುರುಬಸವ್ವ ಕಲಿಯಲು ಬಂದ ಹುಡುಗಿಯರ ಮನಸ್ಸನ್ನು ಗೇಣಿನಿಂದ ಅಳೆಯುತ್ತಿದ್ದಳು. ಅಫೀಮು ತಿನ್ನುವವನೊಬ್ಬ ನಡುಗುತ್ತ ದವಾಖಾನೆಗೆ ಬಂದನೆಂದರೆ ಸಾಕು, ಹೊಸ ಹುಡುಗಿಯ ಕೈಗೆ ನೀರಿನ ತಂಬಿಗೆ ಕೊಟ್ಟು, ತಾನು ಬಾಗಿಲ ಸಂದಿಯಿಂದ ನೋಡುವಳು. ನಾಡಿ ಹಿಡಿದದ್ದು, ಜ್ವರ ನೋಡಿದ್ದು ಅವಳಿಗೆ ಲೆಕ್ಕಕ್ಕಿಲ್ಲ. ಅವನ ಬೊಗಸೆಗೂ ತಂಬಿಗೆಗೂ ನಡುವೆ ಎಷ್ಟು ಅಂತರ? "ಒಂದ ಗೇಣ ಮ್ಯಾಲಿಂದ ಹೊಯ್ದಿಯಲ್ಲ! ಇನ್ನೊಂದ ತಿಂಗಳ ಗಾಯದ ಪಟ್ಟಿ ತೊಳಿ" ಎನ್ನುವಳು. ಡಾಕ್ಟರ ಸಾಹೇಬರು ನೀರು ಕೊಟ್ಟರೂ ಅವಳ ಬೆರಳು ಸೆರಗಿನೊಳಗೇ ಅಳೆಯುತ್ತಿತ್ತಂತೆ. ತಂಬಿಗೆಯನ್ನು ತುಟಿಗೇ ಹಿಡಿದು ಕುಡಿಸಿದವಳು ಪಾಸು. ಹಾಗೆ ಪಾಸಾದ ಶಾಕೀರಾ ಒಂದು ದಿನ ಕೇಳಿದಳು: "ನೀವು ಮೊದಲನೇ ಸಲ ಎಷ್ಟ ಗೇಣ ಬಿಟ್ಟಿದ್ರಿ, ಅಕ್ಕಾರ?" ಗುರುಬಸವ್ವ ಚಾಚಿದ ಬೆರಳು ಮಡಚಿಕೊಂಡಳು. "ನಾ ತಂಬಿಗಿ ಹೊಸ್ತಿಲದಾಗ ಇಟ್ಟು ಓಡಿ ಬಂದಿದ್ದೆ, ತಂಗಿ. ಒಳಗ ನಡಗಾಕತ್ತಿದ್ದಾಂವ ನಮ್ಮಪ್ಪ."