ಸದ್ದಿಲ್ಲದ ಮಿಷನ್ನು

ನನ್ನನ್ನು ಒಳ್ಳೆಯ ಟೈಲರ್ ಅನ್ನುವವರು ಗುಬ್ಬಿಯಲ್ಲಿ ಈಗಲೂ ಕೆಲವರಿದ್ದಾರೆ. ಪಾಪ, ನನ್ನ ಹೊಲಿಗೆ ನೋಡಿ ಅವರು ಹಾಗನ್ನುವುದಿಲ್ಲ. ನಲವತ್ತು ವರ್ಷದಿಂದ ರವಿಕೆ ಹೊಲಿಯುತ್ತಿದ್ದೇನೆ, ಇವತ್ತಿಗೂ ನನ್ನ ಕೈಯಲ್ಲಿ ಎಡತೋಳು ಬಲತೋಳಿಗಿಂತ ಒಂದು ದಾರದಷ್ಟು ಬಿಗಿಯಾಗಿಯೇ ಬರುತ್ತದೆ. ಹೆಂಗಸರು ಅದನ್ನು ಸಹಿಸಿಕೊಂಡು ಬರುತ್ತಿದ್ದದ್ದು ಬೇರೆ ಕಾರಣಕ್ಕೆ. ನಾನು ಮಾತು ಕೇಳುತ್ತೇನೆ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು ನಾನು. ಮೇಷ್ಟರು ಹೇಳಿದ್ದೊಂದೂ ತಲೆಗೆ ಹತ್ತಲಿಲ್ಲ, ಹಿಂದಿನ ಸಾಲಿನ ಹುಡುಗಿಯರು ಪಿಸುಗುಟ್ಟಿದ್ದು ಮಾತ್ರ ಒಂದಕ್ಷರ ಮರೆತಿಲ್ಲ.

ಒಂದು ರವಿಕೆಗೆ ಅರ್ಧ ದಿನ ಸಾಕು. ನಾನು ಎರಡು ದಿನ ಹಿಡಿಯುತ್ತಿದ್ದೆ, ಯಾಕೆಂದರೆ ಹೇಳುವವಳ ಕಥೆ ಮುಗಿದಿರುತ್ತಿರಲಿಲ್ಲ. ನಮ್ಮ ಮನೆಯವರು ಶಿವರಾಮಯ್ಯನವರು ದಿನಕ್ಕೆ ಮೂರು ಮಾತಾಡುವ ಜನ: ಕಾಫಿ, ಮುದ್ದೆ, ಲೈಟ್ ಆರಿಸು. ಹೊಟ್ಟೆಗೆ ತೆಂಗಿನ ತೋಟವಿದೆ. ಹಾಗಾಗಿ ಹೊಲಿಗೆ ನನಗೆ ಅನ್ನದ ದಾರಿಯಲ್ಲ, ಮಾತಿನ ದಾರಿ. ಹೆಂಗಸರು ನನ್ನ ತಾಳ್ಮೆಗೆ ಮನಸೋತು ಬಂದು ಹೇಳಿಕೊಳ್ಳುತ್ತಾರೆ ಅಂತ ನನಗೊಂದು ಜಂಬವಿತ್ತು. ಆ ಜಂಬ ಇಳಿದ ಕಥೆ ಇದು.

ನಮ್ಮಪ್ಪ ಮದುವೆಯಲ್ಲಿ ಕೊಟ್ಟ ತುಳಿಯುವ ಮಿಷನ್ನು ನಮ್ಮ ಜಗಲಿಯಲ್ಲಿ ಕೂತಿದೆ. ತುಳಿದರೆ ಕಡಕಡ ಅಂತ ರಾಗಿ ಮಿಲ್ಲಿನ ಸದ್ದು. ಪಕ್ಕದ ಮನೆಯ ಜಗಲಿಗೂ ನಮ್ಮದಕ್ಕೂ ನಡುವೆ ಸೊಂಟದೆತ್ತರದ ಗೋಡೆ ಮಾತ್ರ. ಆಚೆ ಎಂಬತ್ತೈದರ ಹನುಮಕ್ಕ ಎಲೆ ಅಡಿಕೆ ಹಾಕಿಕೊಂಡು ಕೂತಿರುತ್ತಾರೆ. ಈಚೆ ಅವರ ಸೊಸೆ ವನಜಮ್ಮ ನನ್ನ ಮುಂದೆ ಕೂತು ಹನುಮಕ್ಕನ ಮೇಲಿನ ದೂರು ಬಿಚ್ಚುತ್ತಾಳೆ. ಅವಳು ಸಂತೆಗೆ ಹೋದಾಗ ಹನುಮಕ್ಕ ಬಂದು ಅವಳ ಮೇಲಿನ ದೂರು ಬಿಚ್ಚುತ್ತಾರೆ. ಮೂವತ್ತು ವರ್ಷ ಹೀಗೇ ನಡೆಯಿತು.

ಆಮೇಲೆ ವರ್ಕ್ ಬ್ಲೌಸ್ ಬಂತು. ತೋಳಿನ ಮೇಲೆ ನವಿಲು, ಬೆನ್ನಿಗೆ ಕಮಲ. ಎಲ್ಲರೂ ತುಮಕೂರಿನ ಅಂಗಡಿಗಳಿಗೆ ಹೋಗತೊಡಗಿದರು. ವನಜಮ್ಮನೂ ಒಂದು ದಿನ ಸೆರಗಿನಡಿ ಕವರು ಮುಚ್ಚಿಕೊಂಡು ನನ್ನ ಜಗಲಿ ದಾಟಿದಳು. ಬಿಸಿಲು ಜಾಸ್ತಿ ಅಂತ ಮುಖ ಆಚೆ ತಿರುಗಿಸಿದ್ದಳು, ಮೋಡ ಕವಿದ ದಿನ ಅದು. ಜಗಲಿ ಖಾಲಿಯಾಯಿತು. ಒಂದು ವಾರ ನನ್ನ ಪಾಲಿಗೆ ಮನೆಯವರ ಇಪ್ಪತ್ತೊಂದು ಮಾತೇ ಗತಿಯಾಯಿತು.

ಮೊಮ್ಮಗಳು ನಂದಿತಾಗೆ ಫೋನ್ ಮಾಡಿದೆ. ಕುಣಿಗಲ್‌ನಲ್ಲಿರುವ ನನ್ನ ಮಗಳ ಮಗಳು, ಕ್ಯಾತ್ಸಂದ್ರದ ಹಾಸ್ಟೆಲಿನಲ್ಲಿದ್ದು ಓದುತ್ತಾಳೆ. ನವಿಲು ಹಾಕುವ ಮಿಷನ್ನು ಬೇಕು ಅಂದೆ. ಅಜ್ಜಿ, ನಿಮಗೆ ಟಿವಿ ರಿಮೋಟೇ ಬರಲ್ಲ ಅಂತ ನಕ್ಕಳು, ಆದರೂ ತುಮಕೂರಿನಲ್ಲಿ ಏಕಾಂತಯ್ಯನವರ ಅಂಗಡಿಗೆ ಕರೆದುಕೊಂಡು ಹೋದಳು.

ಅಲ್ಲಿ ಮೂರು ಮಿಷನ್ನು ತೋರಿಸಿದರು. ಹೊಲಿಗೆ ಕಸೂತಿ ಎರಡೂ ಮಾಡುವಂಥವು, ಸಣ್ಣ ಟಿವಿಯಂಥ ಪರದೆ ಬೇರೆ. ಬಟ್ಟೆಯನ್ನು ಫ್ರೇಮಿನಲ್ಲಿ ಬಿಗಿಯಾಗಿ ಕೂರಿಸಿ, ಚಿತ್ರ ಒತ್ತಿದರೆ ಸಾಕು, ಅದೇ ಹಾಕಿಕೊಳ್ಳುತ್ತದೆ. ನಂದಿತಾ ಎಷ್ಟು ಡಿಸೈನಿದೆ, ವಾರಂಟಿ ಎಷ್ಟು, ಕೆಟ್ಟರೆ ರಿಪೇರಿಗೆ ಎಲ್ಲಿ ಅಂತ ಬುದ್ಧಿವಂತೆಯ ಪ್ರಶ್ನೆ ಕೇಳಿದಳು. ನಾನು ಕಣ್ಣು ಮುಚ್ಚಿಕೊಂಡು ಮೂರರ ಸದ್ದನ್ನೂ ಕೇಳಿದೆ. ಮೂರನೆಯದು ಬೆಕ್ಕು ಮಲಗಿ ಗುರುಗುಟ್ಟಿದ ಹಾಗಿತ್ತು. ಇದಾದರೆ ವನಜಮ್ಮನ ಒಂದು ಮಾತೂ ತಪ್ಪದೆ ಕಿವಿಗೆ ಬೀಳುತ್ತದೆ ಅಂದುಕೊಂಡು ಅದನ್ನೇ ಆರಿಸಿದೆ. ಕೇಳುವುದರಲ್ಲಿ ನಾನು ಪಂಡಿತೆ ನೋಡಿ.

ಅದರ ಜೊತೆಗೆ ಬರುವ ಫ್ರೇಮು ಅಂಗೈಯಗಲ. ದೊಡ್ಡ ನವಿಲಿನ ಬಾಲ ಅದರಲ್ಲಿ ಹಿಡಿಸುವುದಿಲ್ಲ. ಹಳೆಯ ತುಳಿಯುವ ಮಿಷನ್ನು ಕೊಟ್ಟರೆ ದೊಡ್ಡ ಫ್ರೇಮು ಬದಲಿಗೆ ಕೊಡುತ್ತೇನೆ ಅಂದರು ಏಕಾಂತಯ್ಯ. ಹೈವೇ ಹೋಟೆಲಿನವರೊಬ್ಬರು ಅಂಥ ಹಳೆಯವನ್ನು ಟೇಬಲ್ ಮಾಡಿಕೊಳ್ಳಲು ಹುಡುಕುತ್ತಿದ್ದಾರಂತೆ. ಫ್ರೇಮು ಈಗಲೇ ತಗೊಂಡು ಹೋಗಿ, ಹಳೆಯದಕ್ಕೆ ಹದಿನೈದು ದಿನ ಬಿಟ್ಟು ಆಟೋ ಕಳಿಸುತ್ತೇವೆ, ಅಷ್ಟರಲ್ಲಿ ಹೊಸದಕ್ಕೆ ಕೈ ಕೂರಲಿ ಅಂದರು. ಕೋಲೆಬಸವನ ಹಾಗೆ ತಲೆಯಾಡಿಸಿ ಬಂದೆ.

ಊರಿಗೆ ಸುದ್ದಿ ಹರಡಿತು. ವನಜಮ್ಮ ತನ್ನ ಮಗಳು ಮಂಜುಶ್ರೀಯ ಮದುವೆ ರವಿಕೆ ಬಟ್ಟೆ ತಂದು, ತುಮಕೂರಿನವರದು ಸರಿಯಿಲ್ಲ ರಂಗಕ್ಕ ಅಂತ ಕೂತಳು. ನನಗೆ ಕಣ್ಣು ತುಂಬಿ ಬಂತು. ಬಲತೋಳಿನ ಬಟ್ಟೆ ದೊಡ್ಡ ಫ್ರೇಮಿಗೆ ಹಾಕಿ ನವಿಲು ಒತ್ತಿದೆ. ಮಿಷನ್ನು ಗುರುಗುಟ್ಟಿತು. ನನಗೆ ಕೆಲಸವಿಲ್ಲ. ಕೈ ಮಡಿಲಲ್ಲಿಟ್ಟುಕೊಂಡು ಅವಳ ಮುಖವನ್ನೇ ನೋಡುತ್ತಾ ಕೂತೆ. ಅವಳು ಅಭ್ಯಾಸಬಲದಿಂದ ಶುರು ಮಾಡಿದಳು.

“ನಮ್ಮತ್ತೆ ಮದ್ವೆ ಅಂದ್ರೆ ಅವ್ರ ಅಕ್ಕನ್ ಮಕ್ಳಿಗೆಲ್ಲ ಸೀರೆ ಹಂಚೋದು ಅಂದ್ಕಂಡವ್ರೆ, ರಂಗಕ್ಕ.”

ಗೋಡೆಯಾಚೆಯಿಂದ ಉತ್ತರ ಬಂತು. “ಹೂಂ ಕಣವ್ವ, ಹಂಗೇ ಅಂದ್ಕಂಡಿವ್ನಿ. ನಿನ್ ತಂಗಿ ಮಕ್ಳಿಗ್ ಮಾತ್ರ ಹಂಚ್ಬೇಕಿತ್ತಾ?”

ನೀಲಿ ದಾರ ಮುಗಿದು ಹಸಿರು ಹಾಕು ಅಂತ ಮಿಷನ್ನೊಂದೇ ಪೀಂ ಅಂದಿತು.

ಆ ಮನೆಯಲ್ಲಿ ಎರಡು ದಿನ ಜಗಳ, ಮೂರನೇ ದಿನದಿಂದ ಮೌನ. ನನ್ನ ಜಗಲಿಗೆ ಹೆಂಗಸರೇನೋ ಬಂದರು. ಪರದೆಯಲ್ಲಿ ಡಿಸೈನು ನೋಡಿ, ಗೋಡೆಯ ಕಡೆಗೊಮ್ಮೆ ನೋಡಿ, ಎದ್ದು ಹೋದರು. ಇಪ್ಪತ್ತು ವರ್ಷ ಸೊಸೆಯ ಬಗ್ಗೆ ಒಂದೊಳ್ಳೆ ಮಾತಾಡದ ಕರಿಬಸಮ್ಮನನ್ನು, ಸೊಸೆ ಹೇಗಿದ್ದಾಳೆ ಅಂತ ನಾನೇ ಕೇಳಿದೆ. ಚೆನ್ನಾಗವ್ಳೆ ಅಂದಳು. ಆಗ ನನಗೆ ನಿಜವಾಗಿ ಭಯವಾಯಿತು. ಮಾತಿಗೆ ಅಂತ ತಂದ ಮಿಷನ್ನು ಇದ್ದ ಮಾತನ್ನೂ ನುಂಗಿಹಾಕಿತ್ತು.

ಹದಿನಾಲ್ಕನೇ ದಿನ ಮಧ್ಯಾಹ್ನ, ಕೊಡುವಾಗ ಚೊಕ್ಕಟವಾಗಿ ಕೊಡೋಣ ಅಂತ ಹಳೆಯದನ್ನು ಒರೆಸಿದೆ. ಎಣ್ಣೆ ಬಿಟ್ಟು, ಒಳಗೆ ಇಳಿಯಲಿ ಅಂತ ತುಳಿದೆ. ಕಡಕಡ ಸದ್ದಿಗೆ ಹನುಮಕ್ಕ ಗೋಡೆ ಹಿಡಿದುಕೊಂಡು ಎದ್ದು ಬಂದು ನನ್ನ ಪಕ್ಕ ಕೂತರು.

“ಇದ್ನ ಕೊಟ್ಬುಡ್ತೀಯಂತೆ, ರಂಗಿ?”

ಹೂಂ ದೊಡ್ಡಮ್ಮ, ನಾಳೆ ಆಟೋ ಬರುತ್ತದೆ ಅಂದೆ.

“ಕೊಡ್ಬ್ಯಾಡ ಕಣೇ. ವನಜಿ ನನ್ನ ಬಯ್ಯೋದು ನಂಗೇನ್ ಹೊಸ್ದಾ? ಮೂವತ್ ವರ್ಸದಿಂದ ಗೊತ್ತು. ಏನ್ ಬಯ್ತಾಳೆ ಅಂತ ಕೇಳುಸ್ತಿರ್ಲಿಲ್ಲ, ಅದ್ಕೇ ಸುಮ್ಕಿದ್ದೆ. ಕೇಳುಸ್ದ್ ಮ್ಯಾಲೆ ಜಗಳ ಆಡ್ದೆ ಇರಕ್ಕಾಯ್ತದಾ? ಈ ವಯಸ್ನಾಗೆ ದಿನಾ ಆಡೋ ಸಕ್ತಿ ನಂಗಿಲ್ಲ.”

ನನ್ನ ಕಾಲು ನಿಂತೇ ಹೋಯಿತು. ತುಳಿ ತುಳಿ, ನಿಲ್ಲಿಸಬೇಡ ಅಂದರು. ತುಳಿದೆ. ಸೊಸೆ ಮನೆಯೊಳಗೇ ಇದ್ದರೂ, ಆ ಸದ್ದಿನ ಮರೆಯಲ್ಲಿ ಅವರು ಒಂದು ಗಂಟೆ ಅವಳ ದೂರು ಹೇಳಿ, ಹಗುರಾಗಿ ಎದ್ದು ಹೋದರು. ಇಷ್ಟು ವರ್ಷ ಹೆಂಗಸರು ಬಂದದ್ದು ನನ್ನ ತಾಳ್ಮೆಗಲ್ಲ, ಎಣ್ಣೆ ಕಾಣದ ಒಂದು ಚಕ್ರದ ಸದ್ದಿಗೆ ಅಂತ ಆಗ ತಿಳಿಯಿತು. ನನ್ನ ಜಾಗದಲ್ಲಿ ಯಾರು ತುಳಿದಿದ್ದರೂ ನಡೆಯುತ್ತಿತ್ತು. ಅವತ್ತೇ ಎಣ್ಣೆ ಬಿಟ್ಟೆನಲ್ಲ ಅಂತ ಇನ್ನೊಂದು ಸಂಕಟ.

ಬೆಳಿಗ್ಗೆ ಆಟೋ ಬಂತು. ಅತ್ತೆ ಸೊಸೆಯ ಜಗಳದ ಗಲಾಟೆಯಲ್ಲಿ ಮಂಜುಶ್ರೀಯ ಎಡತೋಳು ಇನ್ನೂ ಫ್ರೇಮಿಗೆ ಏರಿರಲಿಲ್ಲ. ಏಕಾಂತಯ್ಯನವರಿಗೆ ಫೋನ್ ಮಾಡಿ, ಹಳೆಯದು ಕೊಡುವುದಿಲ್ಲ ಅಂದೆ. ಹಾಗಾದರೆ ದೊಡ್ಡ ಫ್ರೇಮು ಕಳಿಸಿಬಿಡಿ ಅಂದರು. ಬೇರೊಬ್ಬರು ಅದಕ್ಕೆ ಕಾದಿದ್ದಾರಂತೆ, ಇನ್ನೊಂದು ತರಿಸಲು ಒಂದು ತಿಂಗಳಾಗುತ್ತದಂತೆ. ಮದುವೆಗೆ ಇದ್ದದ್ದು ಎಂಟು ದಿನ. ವನಜಮ್ಮನನ್ನು ಕರೆದು ಇದ್ದದ್ದು ಇದ್ದ ಹಾಗೆ ಹೇಳಿದೆ: ಒಂದೋ ಈ ಹಳೆಯ ಮಿಷನ್ನು ಹೋಗಬೇಕು, ಇಲ್ಲವೇ ನಿನ್ನ ಮಗಳ ಎಡಗಡೆ ನವಿಲಿಗೆ ಬಾಲ ಮೋಟಾಗಬೇಕು.

ಅವಳು ಹಳೆಯ ಮಿಷನ್ನು ನೋಡಿದಳು, ಗೋಡೆ ನೋಡಿದಳು.

“ಎಡಗಡೆ ಸೆರಗು ಬೀಳ್ತದಲ್ಲ ರಂಗಕ್ಕ. ಯಾರ್ ಎತ್ತಿ ನೋಡ್ತಾರೆ. ಫ್ರೇಮೇ ಕೊಟ್ ಕಳ್ಸಿ.”

ಕೊಟ್ಟು ಕಳಿಸಿದೆ. ಮಂಜುಶ್ರೀ ಬಲಗಡೆ ಪೂರ್ತಿ ನವಿಲು, ಎಡಗಡೆ ಮೋಟು ನವಿಲು ಹೊತ್ತು ಮದುವೆಯಾದಳು. ಎಡತೋಳು ಒಂದು ದಾರದಷ್ಟು ಬಿಗಿಯೂ ಇತ್ತು, ಅದರಲ್ಲಿ ಹೊಸ ಮಿಷನ್ನಿನ ತಪ್ಪೇನಿಲ್ಲ.

ಈಗ ಹೊಸದು ಒಳಗಿನ ಕೋಣೆಯಲ್ಲಿ ತನ್ನಷ್ಟಕ್ಕೆ ಮೋಟು ನವಿಲು ಹಾಕುತ್ತಿರುತ್ತದೆ. ದಾರ ಬದಲಿಸು ಅಂತ ಪೀಂಗುಟ್ಟಿದರೆ, ಕಥೆ ಒಂದು ದಡ ಮುಟ್ಟಿದ ಮೇಲೆ ಎದ್ದು ಹೋಗುತ್ತೇನೆ. ಮಿಕ್ಕಂತೆ ಜಗಲಿಯಲ್ಲಿ ಹಳೆಯದನ್ನು ತುಳಿಯುವುದೇ ಕೆಲಸ. ಸೂಜಿಗೆ ದಾರ ಪೋಣಿಸುವುದನ್ನೂ ಬಿಟ್ಟಿದ್ದೇನೆ, ಒಂದು ಹಳೆ ಬಟ್ಟೆ ಇಟ್ಟುಕೊಂಡಿರುತ್ತೇನೆ ಅಷ್ಟೆ. ವನಜಮ್ಮನಿಗೆ ಅದು ಗೊತ್ತು, ನೋಡದವಳ ಹಾಗೆ ಹೇಳುತ್ತಾ ಹೋಗುತ್ತಾಳೆ. ಅವಳ ದನಿ ಒಂಚೂರು ಏರಿದರೆ, ಗೋಡೆಯಾಚೆಯಿಂದ ಹನುಮಕ್ಕ ಎಲೆ ಅಡಿಕೆ ಅಗಿಯುತ್ತಲೇ ನನಗೆ ಕೈಸನ್ನೆ ಮಾಡುತ್ತಾರೆ, ಇನ್ನೂ ಜೋರಾಗಿ ತುಳಿ ಅಂತ.